ಐಜಿಆರ್‌ಟಿ ಎಂದರೇನು? ಅದಕ್ಕೆ ಸಂಘದ ಹಣ ಏಕೆ?



ನಮ್ಮ ವೈದ್ಯಕೀಯ ನೆರವು ಸಮಿತಿಗೆ ಬರುವ ಅರ್ಜಿಗಳಲ್ಲಿ ಈಚೆಗೆ ಒಂದು ಪದ ಮೇಲಿಂದ ಮೇಲೆ ಕಾಣಿಸುತ್ತಿದೆ: ಐಜಿಆರ್‌ಟಿ. ಆಸ್ಪತ್ರೆಯವರು ಕೊಡುವ ಅಂದಾಜು ವೆಚ್ಚದ ಪತ್ರದಲ್ಲಿ ಸಾಧಾರಣ ರೇಡಿಯೇಷನ್‌ಗೆ ಒಂದು ಮೊತ್ತ, ಐಜಿಆರ್‌ಟಿಗೆ ಅದಕ್ಕಿಂತ ದೊಡ್ಡ ಇನ್ನೊಂದು ಮೊತ್ತ ಇರುತ್ತದೆ. ಮೊತ್ತಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆಯಾಗುವುದರಿಂದ ಇಲ್ಲಿ ಬರೆಯುತ್ತಿಲ್ಲ. ಆದರೆ ಎರಡರ ನಡುವಿನ ಅಂತರದಲ್ಲಿ ಇನ್ನೊಬ್ಬ ರೋಗಿಯ ಕೀಮೋ ಖರ್ಚು ಸಾಗುತ್ತದೆ ಎಂಬುದು ಸಮಿತಿಯಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ಪ್ರತಿ ಸಭೆಯಲ್ಲೂ ಅದೇ ಪ್ರಶ್ನೆ ಏಳುತ್ತದೆ: ಇದಿಲ್ಲದೆ ಆಗುವುದಿಲ್ಲವೆ? ಹಣ ಕೊಡುವ ನಿಮಗೂ ಈ ಪ್ರಶ್ನೆ ಕೇಳುವ ಹಕ್ಕಿದೆ. ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ. ಕಳೆದ ಕೆಲವು ತಿಂಗಳು ವೈದ್ಯರನ್ನೂ ಯಂತ್ರದ ಲೆಕ್ಕ ನೋಡುವ ಭೌತತಜ್ಞರನ್ನೂ ಕೇಳಿ, ಓದಿ, ತಿಳಿದುಕೊಂಡದ್ದನ್ನು ನಮ್ಮಂಥವರ ಭಾಷೆಯಲ್ಲಿ ಬರೆಯುತ್ತಿದ್ದೇನೆ.

ಉದಾಹರಣೆಗೆ ಒಂದು ಅರ್ಜಿ ತೆಗೆದುಕೊಳ್ಳೋಣ. ಅರ್ಜಿದಾರರ ಒಪ್ಪಿಗೆ ಪಡೆದಿದ್ದೇನೆ, ಹೆಸರು ಬೇಡ. ಬೀದರ ಜಿಲ್ಲೆಯವರು, ಐವತ್ತು ದಾಟಿದ್ದಾರೆ, ಇಲ್ಲಿಯ ಒಂದು ಖಾನಾವಳಿಯಲ್ಲಿ ಹಲವು ವರ್ಷಗಳಿಂದ ಅಡುಗೆಯವರು. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್. ವಾರಕ್ಕೆ 5 ದಿನದಂತೆ 7 ವಾರ, ಒಟ್ಟು 35 ಸಿಟಿಂಗ್ ರೇಡಿಯೇಷನ್, ಜೊತೆಗೆ ವಾರಕ್ಕೊಮ್ಮೆ ಕೀಮೋ ಎಂದು ವೈದ್ಯರು ಬರೆದಿದ್ದರು. ಅವರ ಹೆಂಡತಿ ಅಂದಾಜು ಪತ್ರವನ್ನು ನನ್ನ ಮುಂದಿಟ್ಟು ಕೇಳಿದ್ದು ಇಷ್ಟೇ: "ಸಾಹೇಬ್ರ, ಬರೇ ಕರೆಂಟ್ ಇಟ್ರ ಸಾಕಾಗಂಗಿಲ್ಲೇನ್ರಿ? ದಿನಾ ಫೋಟೋ ತೆಗಿಯಾಕ ಇಷ್ಟ್ಯಾಕ ರೊಕ್ಕ?"

ರೇಡಿಯೇಷನ್ನಿಗೆ ನಮ್ಮ ಕಡೆ ಜನ 'ಕರೆಂಟ್ ಇಡುವುದು' ಎನ್ನುತ್ತಾರೆ, ಇಲ್ಲಿ ತೆಲುಗಿನಲ್ಲೂ ಅದೇ ಮಾತು. ಅದು ಕರೆಂಟೂ ಅಲ್ಲ, ಶಾಖವೂ ಅಲ್ಲ. ಎದೆಯ ಫೋಟೋ ತೆಗೆಯುವ ಎಕ್ಸ್-ರೇಯ ಜಾತಿಯದೇ ಕಿರಣ, ಆದರೆ ಅದಕ್ಕಿಂತ ಬಹಳ ಶಕ್ತಿಯದು. ರಾಂಟ್ಜನ್ ಆ ಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರದಿಂದ ಚಿಕಿತ್ಸೆ ಶುರುವಾಯಿತು. ಕೋಬಾಲ್ಟ್ ತಾನಾಗಿಯೇ ಸವೆಯುವ ವಸ್ತು, ಐದು ವರ್ಷ ಚಿಲ್ಲರೆಗೆ ಅದರ ಬಲ ಅರ್ಧವಾಗುತ್ತದೆ. ಹಳೆಯದಾದಷ್ಟೂ ರೋಗಿ ಹೆಚ್ಚು ಹೊತ್ತು ಮಲಗಬೇಕು. ಮುಂಬೈಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ರೂಪಿಸಿದ 'ಭಾಭಾಟ್ರಾನ್' ಇಂಥದೇ ಯಂತ್ರ. ಈಗ ಹೆಚ್ಚಿನ ಕಡೆ ವಿದ್ಯುತ್ತಿನಿಂದ ಕಿರಣ ಹುಟ್ಟಿಸುವ ಲೀನಿಯರ್ ಆಕ್ಸಿಲರೇಟರ್ ಇದೆ, ಆಸ್ಪತ್ರೆಯವರ ಬಾಯಲ್ಲಿ ಅದು 'ಲಿನಾಕ್'. ಸ್ವಿಚ್ ಆರಿಸಿದರೆ ಕಿರಣ ನಿಂತಿತು. ರೋಗಿಯ ಮೈಯಲ್ಲಿ ಏನೂ ಉಳಿಯುವುದಿಲ್ಲ. ಹೊರಗಿನಿಂದ ಕೊಡುವ ಈ ಚಿಕಿತ್ಸೆ ಪಡೆದು ಮನೆಗೆ ಬಂದವರ ಪಕ್ಕದಲ್ಲಿ ಮೊಮ್ಮಕ್ಕಳು ಕೂರಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈ ಭಯದಿಂದ ರೋಗಿಗೆ ಬಾಡಿಗೆ ಕೋಣೆ ಕೊಡದ ಮನೆಗಳನ್ನು ನಾವು ಇದೇ ಊರಿನಲ್ಲಿ ನೋಡಿದ್ದೇವೆ.

ಕಿರಣಕ್ಕೆ ರೋಗದ ಜೀವಕೋಶ, ಒಳ್ಳೆಯ ಜೀವಕೋಶ ಎಂಬ ಭೇದ ತಿಳಿಯದು. ಹಾದಿಯಲ್ಲಿ ಸಿಕ್ಕಿದ್ದನ್ನೆಲ್ಲ ಹೊಡೆಯುತ್ತದೆ. ಒಳ್ಳೆಯ ಜೀವಕೋಶ ರಾತ್ರೋರಾತ್ರಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ರೋಗದ್ದು ಅಷ್ಟು ಚೇತರಿಸಿಕೊಳ್ಳುವುದಿಲ್ಲ. ಅದಕ್ಕಾಗಿಯೇ ಒಂದೇ ಸಲ ಕೊಡದೆ ಕಂತು ಕಂತಾಗಿ ಕೊಡುವುದು. ಪ್ರಮಾಣದ ಅಳತೆಗೆ 'ಗ್ರೇ' ಎಂದು ಹೆಸರು. ನಮ್ಮ ಅಡುಗೆಯವರಿಗೆ ದಿನಕ್ಕೆ 2 ಗ್ರೇಯಂತೆ 35 ದಿನಕ್ಕೆ 70 ಗ್ರೇ. ಈಗ ಇನ್ನೊಂದು ಅಂಕಿ ನೋಡಿ. ಕುತ್ತಿಗೆಯ ಹಿಂದೆಯೇ ಇರುವ ಬೆನ್ನುಹುರಿಗೆ ಸಾಮಾನ್ಯವಾಗಿ 45ರಿಂದ 50 ಗ್ರೇಗಿಂತ ಹೆಚ್ಚು ತಾಗದಂತೆ ನೋಡಿಕೊಳ್ಳುತ್ತಾರೆ. ಮೀರಿದರೆ ಕೈಕಾಲಿನ ಬಲ ಹೋಗುವ ಅಪಾಯವಿದೆ. ಗಡ್ಡೆಗೆ 70, ಕೆಲವೇ ಸೆಂಟಿಮೀಟರ್ ಹಿಂದೆ 45ರ ಮಿತಿ. ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿಗಳ ಮಿತಿ ಇನ್ನೂ ಕಡಿಮೆ, ಸರಾಸರಿ 26 ಗ್ರೇ. ಅದು ಮೀರಿದರೆ ಬಾಯಿ ಜೀವನಪರ್ಯಂತ ಒಣಗುತ್ತದೆ. ರುಚಿ ನೋಡಿ ಹೊಟ್ಟೆ ಹೊರೆಯುವವರಿಗೆ ಬಾಯಿ ಒಣಗುವುದೆಂದರೆ ಕೆಲಸ ಹೋದಂತೆಯೇ.

ಇಷ್ಟು ಇಕ್ಕಟ್ಟಿನಲ್ಲಿ ಕಿರಣವನ್ನು ಗಡ್ಡೆಯ ಆಕಾರಕ್ಕೆ ತಕ್ಕಂತೆ ಕೊರೆದು ಬಿಡುವ ವಿಧಾನಕ್ಕೆ ಐಎಂಆರ್‌ಟಿ ಎಂದು ಹೆಸರು. ನಮ್ಮ ಅರ್ಜಿಗಳಲ್ಲಿ ಐಎಂಆರ್‌ಟಿ ಮತ್ತು ಐಜಿಆರ್‌ಟಿ ಎರಡೂ ಕಲಸಿಹೋಗುತ್ತವೆ. ಮೊದಲನೆಯದು ಕಿರಣವನ್ನು ರೂಪಿಸುವುದು. ಎರಡನೆಯದು, ಹಾಗೆ ರೂಪಿಸಿದ ಕಿರಣ ಇವತ್ತು ನಿಜವಾಗಿಯೂ ಆ ಜಾಗಕ್ಕೇ ಬೀಳುತ್ತದೆಯೇ ಎಂದು ನೋಡಿ ಖಾತ್ರಿಪಡಿಸಿಕೊಳ್ಳುವುದು. ಐಜಿಆರ್‌ಟಿಯಿಂದ ಕಿರಣದ ಬಲ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಖಾತೆ ತೆರೆಯುವ ದಿನ ಗ್ರಾಹಕರಿಂದ ಮಾದರಿ ಸಹಿ ತೆಗೆದುಕೊಂಡು ಕಾರ್ಡಿನಲ್ಲಿ ಇಡುತ್ತಿದ್ದೆವು. ಆಮೇಲೆ ಚೆಕ್ ಬಂದಾಗಲೆಲ್ಲ ಅದರ ಮೇಲಿನ ಸಹಿಯನ್ನು ಕಾರ್ಡಿನ ಸಹಿಗೆ ಹೋಲಿಸಿ, ತಾಳೆಯಾದರೆ ಮಾತ್ರ ಹಣ ಪಾವತಿ. ಗ್ರಾಹಕ ದಿನಾ ಬರುವ ಪರಿಚಿತನೇ ಆಗಿರಲಿ, ಕಾರ್ಡ್ ನೋಡದೆ ಪಾವತಿ ಇಲ್ಲ. ರೇಡಿಯೇಷನ್ನಿನಲ್ಲಿ ಮಾದರಿ ಸಹಿ ಎಂದರೆ ಚಿಕಿತ್ಸೆಗೆ ಮೊದಲು ತೆಗೆಯುವ ಯೋಜನಾ ಸಿಟಿ ಸ್ಕ್ಯಾನ್. ಅದರ ಮೇಲೆ ವೈದ್ಯರು ಗಡ್ಡೆಯನ್ನೂ ಕಾಪಾಡಬೇಕಾದ ಅಂಗಗಳನ್ನೂ ಗೆರೆ ಎಳೆದು ಗುರುತಿಸುತ್ತಾರೆ, ಭೌತತಜ್ಞರು ಲೆಕ್ಕ ಹಾಕುತ್ತಾರೆ. ಆಮೇಲೆ ಪ್ರತಿದಿನ ರೋಗಿ ಮಲಗಿದ ಮೇಲೆ, ಕಿರಣ ಬಿಡುವ ಮೊದಲು, ಯಂತ್ರಕ್ಕೇ ಜೋಡಿಸಿದ ಇನ್ನೊಂದು ಎಕ್ಸ್-ರೇ ಕೊಳವೆ ಮತ್ತು ಫಲಕ ರೋಗಿಯ ಸುತ್ತ ತಿರುಗಿ ಆ ದಿನದ ಚಿತ್ರ ತೆಗೆಯುತ್ತವೆ. ಇದು ಕೋನ್ ಬೀಮ್ ಸಿಟಿ. ಹೊರಗಿನ ಕೋಣೆಯಲ್ಲಿ ತಂತ್ರಜ್ಞರು ಪರದೆಯ ಮೇಲೆ ಇವತ್ತಿನ ಚಿತ್ರವನ್ನು ಮೊದಲ ದಿನದ ಚಿತ್ರದ ಮೇಲೆ ಹೊಂದಿಸುತ್ತಾರೆ. ಎಡಕ್ಕೆ 3 ಮಿಲಿಮೀಟರ್, ಕೆಳಕ್ಕೆ 2 ಮಿಲಿಮೀಟರ್ ಎಂದು ವ್ಯತ್ಯಾಸ ಬಂದರೆ ರೋಗಿ ಮಲಗಿದ ಹಲಗೆಯನ್ನೇ ಅಷ್ಟು ಸರಿಸುತ್ತಾರೆ. ಆಮೇಲೆಯೇ ಕಿರಣ. ಒಳಗೆ ಹೋಗಿ ಹೊರಗೆ ಬರುವವರೆಗೆ ಹತ್ತು ಹದಿನೈದು ನಿಮಿಷದ ಕೆಲಸ.

ದೇಹ ಒಂದೇ ಜಾಗದಲ್ಲಿ ಇರುವುದಿಲ್ಲವೆ, ಅಷ್ಟಕ್ಕೂ ಕುತ್ತಿಗೆ ಎಲ್ಲಿ ಹೋಗುತ್ತದೆ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ತಲೆ ಅಲ್ಲಾಡದಿರಲೆಂದು ಮೌಲ್ಡ್ ರೂಮಿನಲ್ಲಿ ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಜಾಲರಿಯನ್ನು ಮುಖಕ್ಕೆ ಒತ್ತಿ ಮುಖವಾಡ ಮಾಡುತ್ತಾರೆ, ದಿನವೂ ಅದನ್ನು ಹಾಕಿ ಹಲಗೆಗೆ ಬಿಗಿಯುತ್ತಾರೆ. ಹಾಗಿದ್ದರೂ ಗದ್ದ ಒಂದು ದಿನ ಸ್ವಲ್ಪ ಮೇಲೆ, ಒಂದು ದಿನ ಸ್ವಲ್ಪ ಕೆಳಗೆ. ಇನ್ನು ಹೊಟ್ಟೆಯ ಕೆಳಭಾಗದ ಕಥೆಯೇ ಬೇರೆ. ಗರ್ಭಕೋಶವೂ ಪ್ರಾಸ್ಟೇಟ್ ಗ್ರಂಥಿಯೂ ಮೂತ್ರಚೀಲ ಎಷ್ಟು ತುಂಬಿದೆ, ಮಲಾಶಯದಲ್ಲಿ ಗಾಳಿ ಎಷ್ಟಿದೆ ಎಂಬುದರ ಮೇಲೆ ಅತ್ತಿತ್ತ ಸರಿಯುತ್ತವೆ. ಸಿಟಿಂಗ್‌ಗೆ ಮೊದಲು ಇಷ್ಟು ನೀರು ಕುಡಿದು ಇಷ್ಟು ಹೊತ್ತು ಕಾಯಿರಿ ಎಂದು ಹೇಳುವುದು ಅದಕ್ಕೇ. ರೋಗಿಗಳು ಇದನ್ನು ಆಸ್ಪತ್ರೆಯವರ ಕಾಟ ಎಂದುಕೊಳ್ಳುತ್ತಾರೆ, ಜೊತೆಗೆ ಹೋಗುವ ನಮ್ಮ ಸ್ವಯಂಸೇವಕರು ಬಿಡಿಸಿ ಹೇಳಬೇಕು. ಶ್ವಾಸಕೋಶದ ಗಡ್ಡೆಯಂತೂ ಉಸಿರಿನ ಜೊತೆಗೇ ಮೇಲೆ ಕೆಳಗೆ ಆಡುತ್ತಿರುತ್ತದೆ.

ಹೀಗೆ ಸರಿಯುತ್ತದೆಂದು ಗೊತ್ತಿರುವುದರಿಂದ ಗಡ್ಡೆಯ ಸುತ್ತ ಒಂದಿಷ್ಟು ಜಾಗ ಬಿಟ್ಟು ಗುರಿ ಇಡುತ್ತಾರೆ. ಆ ಜಾಗಕ್ಕೆ ಅವರೂ ಹೇಳುವುದು 'ಮಾರ್ಜಿನ್' ಎಂದೇ. ಆ ಮಾತು ಕೇಳಿ ನನಗೆ ನಗು ಬಂತು. ಠೇವಣಿ ರಸೀದಿಯ ಮೇಲೆ ಸಾಲ ಕೊಡುವಾಗ ನಾವು ಸಣ್ಣ ಮಾರ್ಜಿನ್ ಇಟ್ಟುಕೊಳ್ಳುತ್ತಿದ್ದೆವು, ಷೇರಿನ ಮೇಲೆ ಕೊಡುವಾಗ ದೊಡ್ಡದು, ಏಕೆಂದರೆ ಷೇರಿನ ಬೆಲೆ ನಾಳೆ ಎಲ್ಲಿರುತ್ತದೋ ತಿಳಿಯದು. ಅನಿಶ್ಚಿತತೆ ಹೆಚ್ಚಾದಷ್ಟೂ ಮಾರ್ಜಿನ್ ಹೆಚ್ಚು. ಇಲ್ಲೂ ಅದೇ ನಿಯಮ, ಆದರೆ ಇಲ್ಲಿ ಮಾರ್ಜಿನ್ನಿನಲ್ಲಿ ಸಿಕ್ಕಿಬೀಳುವುದು ರೋಗಿಯ ಆರೋಗ್ಯವಂತ ಮಾಂಸ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಶಾಲೆಯಲ್ಲಿ ಕಲಿತ ಗೋಳದ ಘನಫಲ. ಗಡ್ಡೆ 2 ಸೆಂಟಿಮೀಟರ್ ತ್ರಿಜ್ಯದ ಗುಂಡು ಎಂದಿಟ್ಟುಕೊಳ್ಳಿ, ಸುಮಾರು ಒಂದು ದೊಡ್ಡ ನಿಂಬೆಹಣ್ಣು. ಅದರ ಘನಫಲ ಸುಮಾರು 33 ಘನ ಸೆಂಟಿಮೀಟರ್. ಸುತ್ತ 1 ಸೆಂಟಿಮೀಟರ್ ಮಾರ್ಜಿನ್ ಬಿಟ್ಟರೆ ಒಟ್ಟು 113 ಆಗುತ್ತದೆ. ಅಂದರೆ ರೋಗ 33, ಅದರ ಜೊತೆಗೆ ಸುಡುವ ಒಳ್ಳೆಯ ಭಾಗ 80. ದಿನವೂ ಚಿತ್ರ ನೋಡಿ ಮಾರ್ಜಿನ್ನನ್ನು ಅರ್ಧ ಸೆಂಟಿಮೀಟರಿಗೆ ಇಳಿಸಿದರೆ ಒಟ್ಟು 65, ಒಳ್ಳೆಯ ಭಾಗ 32. ಮಾರ್ಜಿನ್ ಅರ್ಧವಾಯಿತು, ನಷ್ಟ ಅರ್ಧಕ್ಕಿಂತಲೂ ಕೆಳಗಿಳಿಯಿತು. ಸಮಿತಿಯ ಸಭೆಯಲ್ಲಿ ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದ ಮೇಲೆ 'ಫೋಟೋ ತೆಗೆಯುವ ಖರ್ಚು' ಎಂಬ ಮಾತು ನಿಂತಿತು.

ಇದು ಕಾಗದದ ಮೇಲಿನ ಲೆಕ್ಕ, ರೋಗಿಗಳಲ್ಲಿ ಪರೀಕ್ಷಿಸಿದ್ದಾರೆಯೇ ಎಂದು ಕೇಳುವವರಿಗೆ ನಮ್ಮ ದೇಶದ್ದೇ ಒಂದು ಅಧ್ಯಯನವಿದೆ. ಮುಂಬೈಯ ಟಾಟಾ ಸ್ಮಾರಕ ಕೇಂದ್ರದಲ್ಲಿ ಡಾ. ಸುಪ್ರಿಯಾ ಚೋಪ್ರಾ ಮತ್ತು ಸಂಗಡಿಗರು ಗರ್ಭಕಂಠದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ 300 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಳೆಯ ವಿಧಾನದ ರೇಡಿಯೇಷನ್, ಇನ್ನೊಂದಕ್ಕೆ ಚಿತ್ರ ನೋಡಿ ಕೊಡುವ ಐಎಂಆರ್‌ಟಿ. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮೂರು ವರ್ಷದೊಳಗೆ ಗಮನಾರ್ಹವಾದ ಕರುಳಿನ ತೊಂದರೆ ಕಂಡವರು ಹಳೆಯ ವಿಧಾನದಲ್ಲಿ ಶೇ. 42.4, ಹೊಸದರಲ್ಲಿ ಶೇ. 21.1. ರೋಗ ಹತೋಟಿಗೆ ಬರುವುದರಲ್ಲಿ ಎರಡಕ್ಕೂ ವ್ಯತ್ಯಾಸವಿರಲಿಲ್ಲ. ಲೆಕ್ಕಿಗನಾಗಿ ಎರಡು ಮಾತು ಸೇರಿಸಬೇಕು. ಇಲ್ಲಿ ಲಾಭ ಬಂದದ್ದು ಕಿರಣವನ್ನು ರೂಪಿಸುವುದು ಮತ್ತು ಚಿತ್ರ ನೋಡುವುದು ಎರಡೂ ಸೇರಿ, ಬರೀ ಚಿತ್ರದಿಂದಲ್ಲ. ಎರಡನೆಯದು, ಹೊಸ ವಿಧಾನ ಹೆಚ್ಚು ಜನರನ್ನು ಬದುಕಿಸಿತು ಎಂದು ಈ ಅಧ್ಯಯನ ಹೇಳುವುದಿಲ್ಲ. ಬದುಕಿದವರು ಮಲವಿಸರ್ಜನೆಗೆ ದಿನಕ್ಕೆ ಹತ್ತು ಸಲ ಓಡದೆ, ಹೊರಗೆ ದುಡಿಯಲು ಹೋಗುವಂತೆ ಬದುಕಿದರು ಎಂದು ಹೇಳುತ್ತದೆ. ಹೊಲಕ್ಕೋ ಮನೆಗೆಲಸಕ್ಕೋ ಹೋಗುವ ಹೆಂಗಸಿಗೆ ಅದು ಸಣ್ಣ ಸಂಗತಿಯಲ್ಲ.

ಹಾಗೆಂದು ಪ್ರತಿ ಅರ್ಜಿಗೂ ಐಜಿಆರ್‌ಟಿ ಮಂಜೂರು ಮಾಡಬೇಕೆಂದು ನಾನು ಹೇಳುವುದಿಲ್ಲ. ಕ್ಯಾನ್ಸರ್ ಮೂಳೆಗೆ ಹಬ್ಬಿ ನೋವು ತಡೆಯಲಾರದವರಿಗೆ ಬಹಳ ಸಲ 8 ಗ್ರೇಯ ಒಂದೇ ಸಿಟಿಂಗ್ ಸಾಕು, ನೋವು ಇಳಿಸುವುದರಲ್ಲಿ ಅದು ಹತ್ತು ಸಿಟಿಂಗ್‌ನಷ್ಟೇ ಕೆಲಸ ಮಾಡುತ್ತದೆಂದು ಸಾಬೀತಾಗಿದೆ. ಅಲ್ಲಿ ದಿನಾ ಸಿಟಿ ಚಿತ್ರದ ಮಾತಿಲ್ಲ. ಸ್ತನದ ಕ್ಯಾನ್ಸರ್‌ಗೆ ಹಿಂದೆ 25 ಸಿಟಿಂಗ್ ಕೊಡುತ್ತಿದ್ದುದು ಬ್ರಿಟನ್ನಿನ ಪ್ರಯೋಗಗಳ ನಂತರ ಅನೇಕರಿಗೆ 15ಕ್ಕೆ ಇಳಿದಿದೆ. ಸಿಟಿಂಗ್ ಕಡಿಮೆಯಾದರೆ ವಸತಿಯ ಖರ್ಚೂ ಕಡಿಮೆ. ಆದ್ದರಿಂದ ಸಮಿತಿ ಈಗ ಅಂದಾಜು ಪತ್ರದ ಜೊತೆಗೆ ವೈದ್ಯರಿಂದ ಎರಡು ಸಾಲು ಕೇಳುತ್ತದೆ: ಈ ರೋಗಿಗೆ ಚಿತ್ರ ನೋಡಿ ಕೊಡುವುದು ಏಕೆ ಬೇಕು, ದಿನವೂ ಬೇಕೋ ವಾರಕ್ಕೊಮ್ಮೆ ಸಾಕೋ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಚಿತ್ರ ತೆಗೆಯುವುದರಿಂದಲೂ ಸ್ವಲ್ಪ ವಿಕಿರಣ ಮೈಗೆ ತಾಗುತ್ತದೆ, ಚಿಕಿತ್ಸೆಯ ಪ್ರಮಾಣದ ಮುಂದೆ ಅದು ಬಹಳ ಅಲ್ಪ. ಆದರೂ ಬೇಕಿಲ್ಲದ ಕಡೆ ತೆಗೆಯಬಾರದೆಂದು ಅವರೇ ಹೇಳುತ್ತಾರೆ.

ಅಡುಗೆಯವರಿಗೆ ಸಮಿತಿ ಅಂತರದ ಹಣ ಮಂಜೂರು ಮಾಡಿತು. ನಾಲ್ಕನೆಯ ವಾರದಲ್ಲಿ ಅವರ ತೂಕ ಏಳು ಕೆಜಿ ಇಳಿದಿತ್ತು. ಬಾಯಿ ಹುಣ್ಣು, ಗಂಜಿಯೂ ಇಳಿಯುತ್ತಿರಲಿಲ್ಲ. ಕುತ್ತಿಗೆ ಸೊರಗಿ ಮುಖವಾಡ ಸಡಿಲವಾಗಿರುವುದು ದಿನದ ಚಿತ್ರದಲ್ಲಿ ಕಂಡಿತು. ಹಲಗೆ ಸರಿಸಿದರೂ ತಾಳೆಯಾಗದ ಸ್ಥಿತಿ, ಮಾದರಿ ಸಹಿಯೇ ಹಳೆಯದಾಯಿತು ಎನ್ನಿ. ಹೊಸ ಮುಖವಾಡ, ಹೊಸ ಸ್ಕ್ಯಾನ್, ಹೊಸ ಲೆಕ್ಕ ಎಲ್ಲವನ್ನೂ ಶನಿವಾರ ಭಾನುವಾರದಲ್ಲಿ ಮುಗಿಸಿ ಸೋಮವಾರ ಮತ್ತೆ ಶುರು ಮಾಡಿದರು. ಚಿತ್ರ ನೋಡದೆ ಹೋಗಿದ್ದರೆ ಉಳಿದ ದಿನಗಳ ಕಿರಣ ಬೆನ್ನುಹುರಿಯ ಕಡೆಗೆ ಎಷ್ಟು ಸರಿಯುತ್ತಿತ್ತು ಎಂದು ಭೌತತಜ್ಞರು ಪರದೆಯ ಮೇಲೆ ತೋರಿಸಿದರು. ನಾನು ಇದನ್ನು ಬರೆಯುವ ಹೊತ್ತಿಗೆ 26 ಸಿಟಿಂಗ್ ಆಗಿವೆ, ಮೂಗಿನ ಕೊಳವೆಯಿಂದ ಆಹಾರ ಹೋಗುತ್ತಿದೆ. ಗಡ್ಡೆ ಎಷ್ಟು ಕರಗಿತು ಎಂಬುದು ಚಿಕಿತ್ಸೆ ಮುಗಿದು ಕೆಲವು ತಿಂಗಳ ನಂತರದ ಪರೀಕ್ಷೆಯಲ್ಲಿ ತಿಳಿಯುತ್ತದೆ.

ಇಲ್ಲಿ ನನ್ನ ಅಭಿಪ್ರಾಯ ಒಂದಿದೆ, ಎಲ್ಲರೂ ಒಪ್ಪಬೇಕಿಲ್ಲ. ಒಳ್ಳೆಯ ಯಂತ್ರಕ್ಕೆ ಹಣ ಕೊಟ್ಟು ಊಟ ವಸತಿಗೆ ಕೊಡದಿದ್ದರೆ ನಮ್ಮ ಹಣ ವ್ಯರ್ಥ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದೊಂದು ದಿನ ಹೆಚ್ಚು ಎಳೆದಾಗಲೂ ರೋಗ ಹತೋಟಿಗೆ ಬರುವ ಸಂಭವ ಶೇ. 1ರಷ್ಟು ಕುಸಿಯುತ್ತದೆಂದು ತಜ್ಞರ ಅಂದಾಜು. ಊರಿನಲ್ಲಿ ಜಾತ್ರೆ, ಮದುವೆ, ರಾಶಿ ಮಾಡುವ ಕಾಲ ಎಂದು ಹೋಗಿ ವಾರ ಬಿಟ್ಟು ಬಂದರೆ ಆ ನಷ್ಟವನ್ನು ಐಜಿಆರ್‌ಟಿ ತುಂಬಿಕೊಡಲಾರದು. 35 ಸಿಟಿಂಗ್ ಎಂದರೆ 7 ವಾರ ದುಡಿಮೆಯಿಲ್ಲದೆ ಪರ ಊರಿನಲ್ಲಿ ಇಬ್ಬರ ವಾಸ. ಸಾಧಾರಣ ಯಂತ್ರದಲ್ಲಿ ಒಂದು ದಿನವೂ ತಪ್ಪದೆ ಮುಗಿಸಿದ ಚಿಕಿತ್ಸೆ, ಉತ್ತಮ ಯಂತ್ರದಲ್ಲಿ ಅರ್ಧಕ್ಕೆ ಬಿಟ್ಟದ್ದಕ್ಕಿಂತ ಮೇಲು. ಹಾಗಾಗಿ ಮಂಜೂರಾತಿಯಲ್ಲಿ ಎರಡನ್ನೂ ಒಟ್ಟಿಗೆ ನೋಡಬೇಕೆಂದು ನಾನು ವಾದಿಸುತ್ತ ಬಂದಿದ್ದೇನೆ.

ನಮ್ಮ ಕಡೆಯವರು ಇಷ್ಟು ಜನ ಇಲ್ಲಿಗೇ ಏಕೆ ಬರುತ್ತಾರೆಂದು ಹೊಸ ಸದಸ್ಯರು ಕೇಳುವುದುಂಟು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ, ಕಲಬುರಗಿಯಲ್ಲೂ ಅದರ ಕೇಂದ್ರವಿದೆ. ಆದರೂ ಬೀದರಿನವರಿಗೆ ಬೆಂಗಳೂರು ಒಂದು ರಾತ್ರಿಯ ಪ್ರಯಾಣ, ಹೈದರಾಬಾದ್ ಮೂರು ನಾಲ್ಕು ಗಂಟೆ. ಇನ್ನು ರೆಡ್ ಹಿಲ್ಸ್‌ನ ಸರ್ಕಾರಿ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದು 1955ರಲ್ಲಿ. ಬೀದರ, ಗುಲ್ಬರ್ಗ, ರಾಯಚೂರು ಆಗ ಹೈದರಾಬಾದ್ ರಾಜ್ಯದವೇ ಜಿಲ್ಲೆಗಳು, ಮೈಸೂರಿಗೆ ಸೇರಿದ್ದು ಮರುವರ್ಷದ ನವೆಂಬರಿನಲ್ಲಿ. ಆ ಆಸ್ಪತ್ರೆ ಹೆಸರು ಹೊತ್ತ ಮೆಹದಿ ನವಾಜ್ ಜಂಗ್ ಆ ರಾಜ್ಯದ ಸಚಿವರಾಗಿದ್ದವರು. ಅಜ್ಜನ ಕಾಲದಿಂದ ತಿಳಿದ ದಾರಿ ಗಡಿ ಬದಲಾದರೂ ಮರೆಯುವುದಿಲ್ಲ. ಬಂಜಾರಾ ಹಿಲ್ಸ್‌ನ ಬಸವತಾರಕಂ ಆಸ್ಪತ್ರೆ 2000ದಲ್ಲಿ ಆರಂಭವಾದ ಮೇಲೆ ಬರುವವರು ಇನ್ನೂ ಹೆಚ್ಚಾದರು. ಭಾಷೆಯ ತೊಡಕು ಮಾತ್ರ ಹಾಗೆಯೇ ಇದೆ. ತೆಲುಗಿನಲ್ಲಿ ಹೇಳಿದ ಸೂಚನೆ ಅರ್ಥವಾಗದೆ ನೀರು ಕುಡಿಯದೆ ಬಂದು ಅರ್ಧ ದಿನ ಕಾದವರನ್ನು ನಾನೇ ಕಂಡಿದ್ದೇನೆ.

ಹಣಕ್ಕೆ ಸಂಬಂಧಿಸಿ ಕೆಲವು ಉಪಯುಕ್ತ ಸಂಗತಿಗಳು. ಆಯುಷ್ಮಾನ್ ಕಾರ್ಡಿನಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಅದು ಬೇರೆ ರಾಜ್ಯದಲ್ಲೂ ನಡೆಯುವಂತೆ ರೂಪಿಸಿದ ಯೋಜನೆ. ಆದರೆ ಯಾವ ಆಸ್ಪತ್ರೆ, ಯಾವ ವಿಧಾನದ ಪ್ಯಾಕೇಜ್, ಊರಿನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಕೇಳಬೇಕು. ಮುಂಗಡ ಕಟ್ಟಿದ ಮೇಲೆ ಕೇಳಿದರೆ ಪ್ರಯೋಜನ ಕಡಿಮೆ. ಪ್ರಧಾನಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವುದಾದರೆ ಆಸ್ಪತ್ರೆಯ ಮೂಲ ಅಂದಾಜು ಪತ್ರ ಬೇಕು, ಹಾಗಾಗಿ ಪತ್ರದ ಎರಡು ಪ್ರತಿ ಕೇಳಿ ಇಟ್ಟುಕೊಳ್ಳಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿಬರಲು ಸ್ಲೀಪರ್ ಮತ್ತು ಎಸಿ ತ್ರೀ ಟೈರ್‌ನಲ್ಲಿ ಪೂರ್ಣ ರಿಯಾಯಿತಿ, ಜೊತೆಗಾರ ಒಬ್ಬರಿಗೆ ಶೇ. 75. ಇದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಸಾಕು. ಎಷ್ಟೋ ಕುಟುಂಬಗಳು ಇದು ತಿಳಿಯದೆ ಪೂರ್ತಿ ಟಿಕೆಟ್ ಕೊಂಡು ಓಡಾಡುತ್ತಿವೆ.

ದಾನಿಗಳಿಗೆ ಒಂದು ಸೂಚನೆ. ಸಂಘಕ್ಕೆ ಕೊಡುವ ದೇಣಿಗೆಗೆ 80ಜಿ ವಿನಾಯಿತಿ ಬೇಕಿದ್ದವರು 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಡಬೇಡಿ, ಚೆಕ್ ಅಥವಾ ಆನ್‌ಲೈನ್ ಮೂಲಕ ಕೊಡಿ, ಪ್ಯಾನ್ ಸಂಖ್ಯೆ ತಪ್ಪದೆ ಬರೆಯಿರಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಸಿಗುವುದಿಲ್ಲ. ದೇಣಿಗೆಯನ್ನು 'ಚಿಕಿತ್ಸೆ' ಅಥವಾ 'ಊಟ ವಸತಿ' ಎಂದು ಗುರುತಿಸಿ ಕೊಡಬಹುದು. ಎರಡನೆಯ ಖಾತೆಯಲ್ಲಿ ಸದ್ಯ ಹಣ ಬಹಳ ಕಡಿಮೆ ಇದೆ.

ಮುಂದಿನ ಸಭೆಯ ಮುಂದೆ ಮೂರು ಅರ್ಜಿಗಳಿವೆ. ರಾಯಚೂರು ಕಡೆಯ ಗರ್ಭಕಂಠದ ಕ್ಯಾನ್ಸರ್ ರೋಗಿ ಒಬ್ಬರಿಗೆ 25 ಸಿಟಿಂಗ್, ನಮ್ಮ ಊರಿನವರೇ ಆದ ನಿವೃತ್ತ ಶಿಕ್ಷಕರೊಬ್ಬರಿಗೆ ಪ್ರಾಸ್ಟೇಟ್‌ಗೆ 20 ಸಿಟಿಂಗ್, ಯಾದಗಿರಿಯ ಯುವಕನೊಬ್ಬನಿಗೆ ಕೆನ್ನೆಯ ಒಳಭಾಗದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯ ನಂತರ 30 ಸಿಟಿಂಗ್. ಕೊನೆಯವನಿಗೆ ಇಪ್ಪತ್ತೊಂಬತ್ತು ವರ್ಷ, ಹದಿನಾರನೆಯ ವಯಸ್ಸಿನಿಂದ ಗುಟ್ಕಾ. ಮೂವರ ವೈದ್ಯರೂ ಚಿತ್ರ ನೋಡಿ ಕೊಡಬೇಕೆಂದು ಕಾರಣ ಸಹಿತ ಬರೆದುಕೊಟ್ಟಿದ್ದಾರೆ. ಹಣದ ಜೊತೆಗೆ ಬೆಳಗಿನ ಹೊತ್ತು ಆಸ್ಪತ್ರೆಗೆ ಜೊತೆ ಹೋಗಿ, ಸೂಚನೆಗಳನ್ನು ಕನ್ನಡದಲ್ಲಿ ಹೇಳಬಲ್ಲವರೂ ಬೇಕು. ವಾರಕ್ಕೆ ಒಂದು ದಿನ ಕೊಡಬಲ್ಲವರು ಕಚೇರಿಯಲ್ಲಿರುವ ಪಟ್ಟಿಯಲ್ಲಿ ಹೆಸರು, ಬರಬಹುದಾದ ದಿನ, ತೆಲುಗು ಓದಲು ಬರುತ್ತದೆಯೇ ಎಂಬುದನ್ನು ಬರೆದು ಹೋಗಿ. ಮಂಗಳವಾರ ಮತ್ತು ಶುಕ್ರವಾರಕ್ಕೆ ಈಗ ಯಾರೂ ಇಲ್ಲ.